ಹಿಂದಿ ಬೇಡವೆಂದು ಹಿಂದಿ ಟೀಚರು ಬರೆದ ಅರ್ಜಿ

ಹೋದ ತಿಂಗಳು ರಾಯಚೂರಿನಲ್ಲಿ ತಂಗಿಯ ಮೊಮ್ಮಗಳ ಶಾಲೆಗೆ ಹೋಗಿದ್ದೆ. ಮಗುವಿಗೆ ಓದು ಬರಹದಲ್ಲಿ ತೊಡಕಿದೆ ಎಂದು ವೈದ್ಯರು ಹೇಳಿದ್ದರು. ಒಂದು ಭಾಷೆಯಿಂದ ವಿನಾಯಿತಿ ಕೇಳಬೇಕಿತ್ತು. ನಾನು ನಿವೃತ್ತ ಟೀಚರು, ಕಾಗದ ಪತ್ರದ ವ್ಯವಹಾರ ಗೊತ್ತಿದೆ ಎಂದು ತಂಗಿ ನನ್ನನ್ನು ಜೊತೆಗೆ ಕರೆದೊಯ್ದಿದ್ದಳು. ಆಫೀಸಿನ ಹುಡುಗಿ ಕಪಾಟಿನಿಂದ ಅಚ್ಚಾದ ಒಂದು ಹಾಳೆ ತೆಗೆದು ಕೊಟ್ಟಳು. "ಇದನ್ನ ತುಂಬಿ ಕೊಡ್ರಿ ಮೇಡಂ, ಹತ್ತು ನಿಮಿಷದ ಕೆಲಸ" ಎಂದಳು. ಹಾಳೆಯಲ್ಲಿ ತೊಡಕಿನ ಹೆಸರು ಬರೆಯಲು ಒಂದು ಅಂಕಣ, ಯಾವ ಭಾಷೆ ಎಂದು ಬರೆಯಲು ಇನ್ನೊಂದು ಅಂಕಣ ಇದ್ದವು. ನಾನು ಅದನ್ನು ಹಿಡಿದುಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತೆ. ತಂಗಿ ಪೆನ್ನು ಕೊಟ್ಟು ಕಾಯುತ್ತಿದ್ದಳು. ನನಗೆ ಮಾತ್ರ ಮಾಳಮ್ಮ ಮತ್ತು ಆ ವರ್ಷದ ದೇವದುರ್ಗ ಕಣ್ಣ ಮುಂದೆ ಬಂದುಬಿಟ್ಟವು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಶಾಲೆಯಲ್ಲಿ ಯಾವ ಭಾಷೆ ಮೊದಲನೆಯದಾಗಬೇಕು ಎಂದು ನಾಡೆಲ್ಲ ಮಾತಾಡುತ್ತಿದ್ದ ಕಾಲ. ಭಾಷೆಯೇ ಕೈಗೆ ಹತ್ತದ ಮಕ್ಕಳೂ ಇರುತ್ತಾರೆ ಎಂದು ಯಾರೂ ಮಾತಾಡುತ್ತಿರಲಿಲ್ಲ. ನನಗಾಗ ಇಪ್ಪತ್ತಾರು ವರ್ಷ. ದೇವದುರ್ಗದ ಒಂದು ಪ್ರೌಢಶಾಲೆಯಲ್ಲಿ ಹಿಂದಿ ಟೀಚರಾಗಿ ಸೇರಿ ಎರಡು ವರ್ಷವಾಗಿತ್ತು. ಅಪ್ಪ ರಾಯಚೂರಿನ ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ನಮ್ಮ ಓಣಿಯಲ್ಲಿ ಓದಿ ಸರಕಾರಿ ನೌಕರಿ ಹಿಡಿದ ಮೊದಲ ಹೆಣ್ಣುಮಗಳು ನಾನು. ಕಷ್ಟಪಟ್ಟರೆ ಬಾರದ ವಿದ್ಯೆಯೇ ಇಲ್ಲ ಎಂದು ನಂಬಿದ್ದೆ; ನನಗೆ ಬಂದಿತ್ತಲ್ಲ! ಹಾಗಾಗಿ ಬಾರದವರು ಸೋಮಾರಿಗಳು ಎಂಬ ಇನ್ನೊಂದು ನಂಬಿಕೆಯೂ ಅದರ ಬೆನ್ನಿಗೇ ಇತ್ತು.

ಮಾಳಮ್ಮ ಊರಿಂದ ಒಂದೂವರೆ ತಾಸು ನಡೆದು ಬರುತ್ತಿದ್ದ ಹುಡುಗಿ. ಕೃಷ್ಣೆಯ ಕಡೆಗಿನ ಒಂದು ಸಣ್ಣ ಹಳ್ಳಿ ಆಕೆಯದು. ತಂದೆ ಬೀರಪ್ಪ ಕುರಿ ಕಾಯುವವನು, ತಾಯಿ ತೀರಿಕೊಂಡಿದ್ದಳು. ಕೆಳಗಿನ ತರಗತಿಗಳಲ್ಲಿ ಎರಡು ಸಲ ಕುಳಿತು ಬಂದವಳಾದ್ದರಿಂದ ವಯಸ್ಸಿನಲ್ಲಿ ಉಳಿದವರಿಗಿಂತ ದೊಡ್ಡವಳು. ಎತ್ತರದ ಮೈ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಸದಾ ಕಡೆಯ ಸಾಲಿನಲ್ಲಿ ಜಾಗ. ಒಂಬತ್ತನೇ ತರಗತಿಯಲ್ಲಿ ಆಕೆಯ ಹಿಂದಿ ನೋಟುಬುಕ್ಕು ನೋಡಿ ನನಗೆ ಸಿಟ್ಟು ನೆತ್ತಿಗೇರಿತ್ತು. 'ಪುಸ್ತಕ' ಎಂಬ ಒಂದೇ ಶಬ್ದವನ್ನು ಐವತ್ತು ಸಲ ಬರೆದು ತಾ ಎಂದು ಹೇಳಿದ್ದೆ. ಐವತ್ತು ಸಲ ಬರೆದಿದ್ದಳು, ಆದರೆ ಹತ್ತಾರು ಬೇರೆ ಬೇರೆ ರೀತಿಯಲ್ಲಿ. ಒಂದು ಸಾಲಿನಲ್ಲಿ ಒಂದು ಅಕ್ಷರ ಮುಂದೆ, ಇನ್ನೊಂದು ಸಾಲಿನಲ್ಲಿ ಅದೇ ಹಿಂದೆ, ಒಂದು ಕಡೆ ಒತ್ತಕ್ಷರವೇ ಮಾಯ. ನನ್ನನ್ನು ಹಾಸ್ಯ ಮಾಡಲೆಂದೇ ಹೀಗೆ ಬರೆದಿದ್ದಾಳೆ ಎಂದುಕೊಂಡೆ. ಸ್ಕೇಲಿನಿಂದ ಅಂಗೈಗೆ ಹೊಡೆದೆ. ಆಕೆ ಕೈ ಹಿಂದೆಳೆಯಲಿಲ್ಲ, ಅಳಲೂ ಇಲ್ಲ. ಆ ಏಟುಗಳನ್ನು ನಾನು ಇಂದಿಗೂ ಮರೆತಿಲ್ಲ.

ಹತ್ತನೇ ತರಗತಿ ಶುರುವಾದ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಬಂತು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಹೆಜ್ಜೆಯೂ ಸೇರಿನಷ್ಟು ಭಾರವಾಗುತ್ತಿತ್ತು. ಅಂಥ ಒಂದು ದಿನ ಹಳ್ಳಿಗಳಿಂದ ಬರುವ ಹುಡುಗಿಯರಲ್ಲಿ ಮಾಳಮ್ಮ ಒಬ್ಬಳೇ ಬಂದಿದ್ದಳು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ತರಗತಿಯಲ್ಲಿ ಏಳೆಂಟು ಮಂದಿ. ಪಾಠ ಮುಂದುವರಿಸುವ ಮನಸ್ಸಿರಲಿಲ್ಲ. ಹಿಂದಿನ ವಾರ ಒಮ್ಮೆ ಓದಿ ಹೇಳಿದ್ದ ಪಾಠದ ಪ್ರಶ್ನೆಗಳನ್ನು ಬಾಯಿಯಲ್ಲೇ ಕೇಳುತ್ತ ಹೋದೆ. ಮೊದಲ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಹಿಂದಿನಿಂದ ಮಾಳಮ್ಮ ಹೇಳಿದಳು. ಎರಡನೆಯದಕ್ಕೂ ಆಕೆಯೇ ಹೇಳಿದಳು. ನಾಲ್ಕನೇ ಪ್ರಶ್ನೆಯ ಹೊತ್ತಿಗೆ ನಾನು ಮೇಜು ಬಿಟ್ಟು ಆಕೆಯ ಹತ್ತಿರ ಹೋಗಿ ನಿಂತಿದ್ದೆ. ಪಾಠದ ವಾಕ್ಯಗಳು ನಾನು ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಯೇ ನಿಂತು, ಎಲ್ಲಿ ದನಿ ಎತ್ತಿದ್ದೆನೋ ಅಲ್ಲಿಯೇ ಎತ್ತಿ, ನನ್ನದೇ ಉಚ್ಚಾರದಲ್ಲಿ ಆಕೆಯ ಬಾಯಿಂದ ಬರುತ್ತಿದ್ದವು.

"ಇಷ್ಟೆಲ್ಲಾ ಬರ್ತದಲ್ಲ, ಪರೀಕ್ಷಾದಾಗ ಯಾಕ ಬರಿಯಂಗಿಲ್ಲ?" ಎಂದು ಕೇಳಿದೆ.

ಮಾಳಮ್ಮ ತಲೆ ತಗ್ಗಿಸಿದಳು. ಹೊಡೆಯುತ್ತೇನೆಂದು ತಿಳಿದಿರಬೇಕು. ಪಕ್ಕದ ಬೆಂಚಿನ ಮೇಲೆ ಕುಳಿತು ಇನ್ನೊಮ್ಮೆ ಮೆಲ್ಲಗೆ ಕೇಳಿದೆ.

"ಕೇಳಿದ್ದು ನೆನಪಿರ್ತದ್ರಿ ಟೀಚರ್" ಎಂದಳು. "ನೋಡಿದ್ರ ತಿಳಿಯವಲ್ದು. ಹಿಂದಿ ಅಕ್ಷರ ಅಂತೂ ಒಂದೇ ಹಗ್ಗಕ್ಕ ಕಟ್ಟಿದ ಕುರಿ ಇದ್ದಂಗ ಅದಾವ್ರಿ. ಯಾವುದ್ರ ಕಾಲು ಯಾವುದಕ್ಕ ಅಂತ ತಿಳಿಯಂಗಿಲ್ಲ."

"ಕನ್ನಡ?"

"ಕನ್ನಡ ಬಿಡಿ ಬಿಡಿ ಇರ್ತಾವ. ನಿಧಾನ ಓದಿದ್ರ ಒಂದೊಂದು ಸಿಗ್ತಾವ್ರಿ."

ಇಡೀ ಒಂದು ವರ್ಷ ಆ ಹುಡುಗಿಯನ್ನು ನಾನು ದಡ್ಡಿ ಎಂದು ಕರೆದಿದ್ದೆ. ಆಕೆ ಅಷ್ಟೂ ದಿನ ನನ್ನ ಪಾಠವನ್ನು ಅಕ್ಷರ ಬಿಡದೆ ಕೇಳುತ್ತ ಕುಳಿತಿದ್ದಳು.

ಮರುದಿನ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಗುರುಪಾದಯ್ಯ ಎಂದು ಅವರ ಹೆಸರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಹೆಚ್ಚು ಮಾತಾಡದ ಮನುಷ್ಯ. ಎಲ್ಲ ಕೇಳಿದ ಮೇಲೆ ಕಪಾಟಿನಿಂದ ಹಳೆಯ ಫೈಲೊಂದನ್ನು ಇಳಿಸಿ ದೂಳು ಝಾಡಿಸಿದರು. "ಮೂರನೇ ಭಾಷಾಕ್ಕ ವಿನಾಯಿತಿ ಅಂತ ಒಂದು ಸುತ್ತೋಲೆ ಬಂದಿತ್ತು" ಎಂದು ಹುಡುಕಿದರು. ಸಿಕ್ಕಿತು. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಮಾತು ಬಾರದವರಿಗೆ ಎಂದು ಅದರಲ್ಲಿತ್ತು. ಮಾಳಮ್ಮನಂಥವರ ಬಗ್ಗೆ ಒಂದು ಮಾತೂ ಇರಲಿಲ್ಲ.

"ಪಾಸಾಗಲಿಲ್ಲ ಅಂದ್ರ ಏನಾಗ್ತದ್ರಿ ಆ ಹುಡುಗೀದು?" ಎಂದು ಕೇಳಿದರು.

ಏನಾಗುತ್ತದೆಂದು ನಾನು ಅಷ್ಟರಲ್ಲಿ ತಿಳಿದುಕೊಂಡಿದ್ದೆ. ಅವರ ಹಳ್ಳಿಗೆ ಅಂಗನವಾಡಿ ಮಂಜೂರಾಗುವ ಮಾತಿತ್ತು. ಹತ್ತನೇ ತರಗತಿ ಪಾಸಾದ ಅದೇ ಊರಿನ ಹೆಣ್ಣುಮಗಳು ಬೇಕಿತ್ತು; ಅಲ್ಲಿಯವರೆಗೆ ಓದಿದವಳು ಆ ಊರಿನಲ್ಲಿ ಮಾಳಮ್ಮ ಒಬ್ಬಳೇ. ಪಾಸಾಗದಿದ್ದರೆ ಯಾಪಲದಿನ್ನಿಯ ಸೋದರಮಾವನಿಗೆ ಕೊಡುವುದೆಂದು ಮನೆಯಲ್ಲಿ ನಿಕ್ಕಿಯಾಗಿತ್ತು. ಆ ಮಾವನಿಗೆ ಆಕೆಗಿಂತ ಹದಿನೈದು ವರ್ಷ ಹೆಚ್ಚು.

ಸ್ಟಾಫ್ ರೂಮಿನಲ್ಲಿ ಈ ಮಾತು ಹಬ್ಬಿದಾಗ ಕೆಲವರು ನಕ್ಕರು. ಹಿಂದಿ ಟೀಚರೇ ಹಿಂದಿ ಬೇಡ ಎಂದರೆ ನಾಳೆ ಗಣಿತದವರು ಗಣಿತ ಬೇಡ ಎನ್ನುತ್ತಾರೆ ಎಂದರು. ಡ್ರಿಲ್ ಮಾಸ್ತರು ಬಸಣ್ಣ ಮಾತ್ರ ನಗಲಿಲ್ಲ. ಒಳ್ಳೆಯ ಮನಸ್ಸಿನವರು, ಮಕ್ಕಳ ಕಷ್ಟ ಎಂದರೆ ಮುಂದೆ ಬರುವವರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಸುಜಾತಾ ಟೀಚರ್, ದಾರಿ ಸುತ್ತುಬಳಸಿ ಯಾಕ ಹೋಗ್ತೀರಿ? ಕಿವಿ ಕೇಳಂಗಿಲ್ಲ ಅಂತ ಒಂದು ಸರ್ಟಿಫಿಕೇಟ್ ಮಾಡಿಸಿಬಿಡ್ರಿ. ನನ್ನ ಗುರ್ತಿನವರೊಬ್ಬರು ಬರದು ಕೊಡ್ತಾರ. ಯಾರಿಗೇನು ನಷ್ಟ? ಹುಡುಗಿ ಬಾಳೇವು ನೆಟ್ಟಗಾಗ್ತದ."

ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಮೂರು ದಿನ ಯೋಚಿಸಿ ಒಪ್ಪಿಕೊಂಡೆ. ಹುಡುಗಿಯ ಒಳ್ಳೆಯದಕ್ಕೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಜಿಯನ್ನು ನನ್ನ ಕೈಯಾರೆ, ದುಂಡು ಅಕ್ಷರದಲ್ಲಿ ಬರೆದೆ. ತಂದೆಯ ಹೆಬ್ಬೆಟ್ಟು ಬೇಕಿತ್ತು. ಒಂದು ಭಾನುವಾರ ಮುಂಜಾನೆ ಮಸಿಯ ಡಬ್ಬಿ ಕೈಚೀಲದಲ್ಲಿಟ್ಟುಕೊಂಡು ಮಾಳಮ್ಮನ ಹಳ್ಳಿಗೆ ಹೊರಟೆ.

ಊರ ಹೊರಗಿನ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದ್ದರು. ಬೀರಪ್ಪ ಕಂಬಳಿ ಹಾಸಿ "ಕೂಡ್ರಿ ಟೀಚರಮ್ಮ" ಎಂದ. ನಾನು ಸುಮ್ಮನೆ, ಶಾಲೆಯ ಕಾಗದ, ಮಗಳ ಪರೀಕ್ಷೆಗೆ ಬೇಕು ಎಂದಷ್ಟೇ ಹೇಳಿದೆ. ಆತ ಮರುಮಾತಿಲ್ಲದೆ ಹೆಬ್ಬೆರಳನ್ನು ಮಸಿಗೆ ಅದ್ದಿದ. ಮರಿಗೆ ಸೊಪ್ಪು ಹಾಕುತ್ತಿದ್ದ ಮಾಳಮ್ಮ ಅಷ್ಟರಲ್ಲಿ ಬಂದಳು.

"ಅದರಾಗ ಏನು ಬರದೀರಿ ಟೀಚರ್?"

"ಪರೀಕ್ಷಾದ್ದವಾ. ಹಿಂದಿ ಬರಿಯೋದು ತಪ್ತದ."

"ಓದಿ ಹೇಳ್ರಿ."

ಇಂಥ ಘಳಿಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಆಕೆಗೆ ಸಲೀಸಾಗಿ ಓದಲು ಬರುವುದಿಲ್ಲ, ಓದಿ ಹೇಳಲೇಬೇಕು. ಓದಿದೆ. "ನನ್ನ ಮಗಳಾದ ಮಾಳಮ್ಮ ಎಂಬವಳು ಹುಟ್ಟಿದಾಗಿನಿಂದ ಕಿವಿ ಕೇಳದವಳಾಗಿದ್ದು..." ಅಲ್ಲಿಗೆ ನನ್ನ ದನಿ ತಾನಾಗಿಯೇ ನಿಂತಿತು.

ಮಾಳಮ್ಮ ಸಿಟ್ಟು ಮಾಡಲಿಲ್ಲ. "ಕಣ್ಣಿಗಿ ಬರವಲ್ದು ಖರೆ ಐತ್ರಿ ಟೀಚರ್" ಎಂದಳು. "ಆದ್ರ ಕಿವಿ ಚಲೋ ಅದಾವ ನನ್ನವು. ಕಿವಿ ಮ್ಯಾಲೇ ಇಲ್ಲೀತನಕ ಬಂದೀನಿ. ನಾ ಕಿವುಡಿ ಅಂತ ಬರಿಬ್ಯಾಡ್ರಿ."

ಬೀರಪ್ಪ ಮಗಳ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಹೆಬ್ಬೆರಳಿನ ಮಸಿಯನ್ನು ನಿಧಾನವಾಗಿ ಕಂಬಳಿಯ ಅಂಚಿಗೆ ಒರೆಸಿಕೊಂಡ. "ತಪ್ಪು ತಿಳೀಬ್ಯಾಡ್ರಿ ಯವ್ವಾ" ಎಂದ. "ಹೊಲದ ಆ ಕಡಿ ಒಂದು ಮರಿ ಕೆಮ್ಮಿದ್ರ ಇಲ್ಲಿ ಕುಂತು ಹೇಳ್ತಾಳ, ಯಾವ ಮರಿ ಅಂತ. ಅಕಿನ್ನ ಕಿವುಡಿ ಅಂತ ನಾ ಹೆಬ್ಬೆಟ್ಟು ಹೆಂಗ ಒತ್ತಲಿ?"

ಅವರು ಕೊಟ್ಟ ಮಜ್ಜಿಗೆ ಕುಡಿದು ಎದ್ದೆ. ಅರ್ಜಿಯನ್ನು ದಾರಿಯಲ್ಲೇ ಹರಿದೆ. ನಾಚಿಕೆಯಾಗಿತ್ತು, ಜೊತೆಗೆ ಮೈ ಹಗುರವೂ ಆಗಿತ್ತು.

ದಸರೆಯ ರಜೆಯಲ್ಲಿ ಮಾನ್ವಿಯಲ್ಲಿದ್ದ ಅಕ್ಕನ ಮನೆಗೆ ಹೋದೆ. ಅಡುಗೆ ಮಾಡುತ್ತ ಈ ಕತೆಯನ್ನೆಲ್ಲ ಹೇಳಿಕೊಂಡಾಗ ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಮ್ಮ ಡಾಕ್ಟರ ತಮ್ಮಗೂ ಹಿಂಗೇ ಇತ್ತಂತ. ಓದಾಕ ಬರದಿದ್ರೂ ಭಾಳ ಶಾಣ್ಯಾ ಅಂತಿದ್ರು. ಒಮ್ಮೆ ಅವರಿಗೆ ತೋರಿಸು" ಎಂದಳು. ಅಕ್ಕನ ಮಕ್ಕಳಿಗೆ ಜ್ವರ ಬಂದಾಗ ನೋಡುತ್ತಿದ್ದ ವಯಸ್ಸಾದ ಡಾಕ್ಟರು ಅವರು. ಮರುವಾರ ದೇವದುರ್ಗಕ್ಕೆ ಹೋಗಿ ಮಾಳಮ್ಮನನ್ನು ಬಸ್ಸಿನಲ್ಲಿ ಮಾನ್ವಿಗೆ ಕರೆತಂದೆ. ಆಕೆ ಅಷ್ಟು ದೂರ ಬಸ್ಸಿನಲ್ಲಿ ಹೋಗಿದ್ದು ಅದೇ ಮೊದಲು. ಕಿಟಕಿಯ ಹೊರಗೆ ನೋಡುತ್ತ, ಕಂಡಕ್ಟರು ಕೂಗುತ್ತಿದ್ದ ಊರುಗಳ ಹೆಸರನ್ನು ಮೆಲ್ಲಗೆ ತಾನೂ ಹೇಳಿಕೊಳ್ಳುತ್ತಿದ್ದಳು.

ಡಾಕ್ಟರು ಬಹಳ ಹೊತ್ತು ತೆಗೆದುಕೊಂಡರು. ಒಂದು ಕತೆ ಹೇಳಿ ತಿರುಗಿ ಹೇಳಿಸಿದರು. ಮಾಳಮ್ಮ ಒಂದು ಮಾತೂ ಬಿಡದೆ ಹೇಳಿದಳು. ಬಾಯಿಲೆಕ್ಕ ಕೇಳಿದರು, ಅವರಿಗಿಂತ ಮೊದಲೇ ಉತ್ತರ ಬಂತು. ಆಮೇಲೆ ಒಂದು ಕನ್ನಡ ಪುಸ್ತಕ ಕೊಟ್ಟು ಓದಿಸಿದರು. 'ಮರ' ಎಂದಿದ್ದಲ್ಲಿ 'ರಮ' ಎಂದಳು, ತಿದ್ದಿಕೊಂಡಳು, ಮತ್ತೆ ತಪ್ಪಿದಳು. ಹಣೆಯ ಮೇಲೆ ಬೆವರು ಬಂತು. ಡಾಕ್ಟರು ಪುಸ್ತಕ ಮುಚ್ಚಿ ಕೇಳಿದರು: "ಓದೂ ಮುಂದ ಯಾವಾಗ ತಲಿ ನೋಯಾಕ ಶುರುವಾಗ್ತದವಾ?"

"ಎರಡನೇ ಸಾಲಿಗೇ ಸಾರ್" ಎಂದ ಮಾಳಮ್ಮ ಥಟ್ಟನೆ ಅತ್ತುಬಿಟ್ಟಳು. ಹೊಡೆದಾಗ ಅಳದಿದ್ದವಳು. ಇಷ್ಟು ವರ್ಷ ಶಾಲೆಯಲ್ಲಿ ಈ ಪ್ರಶ್ನೆಯನ್ನು ನಾವು ಯಾರೂ ಆಕೆಗೆ ಕೇಳಿರಲಿಲ್ಲ.

ಡಾಕ್ಟರು ಆಕೆಯೆದುರಿಗೇ ನನಗೆ ಹೇಳಿದರು. ಬುದ್ಧಿಯಲ್ಲಿ ಕೊರತೆಯಿಲ್ಲ, ಕಣ್ಣಿನಲ್ಲೂ ದೋಷವಿಲ್ಲ. ಕೆಲವರ ತಲೆಯಲ್ಲಿ ಬರಹದ ಗುರುತು ಕೂತುಕೊಳ್ಳುವುದಿಲ್ಲ. ಇದಕ್ಕೆ ಮದ್ದಿಲ್ಲ, ಆದರೆ ಇದು ಸೋಮಾರಿತನವೂ ಅಲ್ಲ. ಇಷ್ಟನ್ನೂ ಒಂದು ಹಾಳೆಯಲ್ಲಿ ಸರಳವಾಗಿ ಬರೆದು ಸಹಿ ಮಾಡಿ ಕೊಟ್ಟರು. "ಆಫೀಸಿನ್ಯಾಗ ಇದನ್ನ ಒಪ್ತಾರೋ ಇಲ್ಲೋ ಗೊತ್ತಿಲ್ರಿ. ಆದ್ರ ಇದು ಖರೆ" ಎಂದರು.

ಹೊಸ ಅರ್ಜಿ ಬರೆದೆ. ಈ ಸಲ ಒಂದೊಂದು ವಾಕ್ಯವನ್ನೂ ಮಾಳಮ್ಮನಿಗೆ ಓದಿ ಹೇಳಿ, ಆಕೆ ಹೂಂ ಎಂದ ಮೇಲೆಯೇ ಮುಂದಿನದು. ಗುರುಪಾದಯ್ಯನವರು ಶಿಫಾರಸು ಬರೆದು ರಾಯಚೂರಿನ ಶಿಕ್ಷಣ ಇಲಾಖೆಗೆ ಕಳಿಸಿದರು. ನವೆಂಬರ್ ಕಳೆಯಿತು, ಡಿಸೆಂಬರ್ ಕಳೆಯಿತು. ಹಿಂಗಾರಿ ಜೋಳ ಮೊಣಕಾಲುದ್ದ ಬಂದು ಎದೆಯುದ್ದ ಆಯಿತು. ಉತ್ತರ ಬರಲಿಲ್ಲ. ಕೊನೆಗೆ ಹೆಡ್‌ಮಾಸ್ಟರೇ "ಕಾಗದ ಎಷ್ಟು ಹೇಳ್ತದ್ರಿ, ಹುಡುಗೀನ್ನೇ ಕರಕೊಂಡು ಹೋಗ್ರಿ" ಎಂದರು.

ಜನವರಿಯ ಒಂದು ಚಳಿಯ ಬೆಳಿಗ್ಗೆ ನಾನೂ ಮಾಳಮ್ಮನೂ ರಾಯಚೂರಿಗೆ ಹೋದೆವು. ಆ ದಿನಗಳಲ್ಲಿ ಬೀರಪ್ಪನ ಕುರಿಹಿಂಡು ರಾಯಚೂರಿನ ಹತ್ತಿರದ ಗುಂಜಹಳ್ಳಿಯ ಕಡೆ ಇತ್ತು. ಅಲ್ಲಿಂದ ಆತ ನೇರ ಆಫೀಸಿಗೇ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಬಾಗಿಲಲ್ಲಿ ಕೋಲು ಒಳಗೆ ತರಬಹುದೋ ಬಾರದೋ ಎಂದು ನಿಂತಿದ್ದ.

ಶಿಕ್ಷಣ ಇಲಾಖೆಯ ಸಾಹೇಬರು ಐವತ್ತರ ಆಸುಪಾಸಿನವರು. ಅರ್ಜಿಯನ್ನು ಎರಡು ಸಲ ಓದಿದರು. "ನೀವು ಯಾವ ವಿಷಯ ಕಲಸ್ತೀರಿ?" ಎಂದು ನನ್ನನ್ನು ಕೇಳಿದರು. ಹಿಂದಿ ಎಂದೆ. ಕನ್ನಡಕ ಇಳಿಸಿ ನನ್ನನ್ನು ನೋಡಿದರು.

"ನೀವೇ ಹಿಂದಿ ಬ್ಯಾಡ ಅಂತ ಬರದೀರಿ?"

"ಹೌದ್ರಿ ಸಾರ್."

"ನಿಯಮದಾಗ ಇದಕ್ಕ ಜಾಗ ಇಲ್ರಿ ಟೀಚರ್. ನಾ ಬ್ಯಾಡ ಅನ್ನಾಕತ್ತಿಲ್ಲ, ಜಾಗ ಇಲ್ಲ."

ಮಾಳಮ್ಮನ ಕಡೆಗೆ ತಿರುಗಿ ಆಕೆಗೆಷ್ಟು ಬರುತ್ತದೆ ನೋಡೋಣ ಎಂಬಂತೆ ಹಿಂದಿಯಲ್ಲೇ ಕೇಳಿದರು: "ತುಮ್ಹಾರೆ ಪಿತಾಜೀ ಕ್ಯಾ ಕರ್ತೇ ಹೈಂ?" ನಿಮ್ಮ ತಂದೆ ಏನು ಮಾಡುತ್ತಾರೆ ಎಂದು.

"ಭೇಡ್ ಚರಾತೇ ಹೈಂ ಸಾಹಬ್" ಎಂದಳು ಮಾಳಮ್ಮ. ಕುರಿ ಮೇಯಿಸುತ್ತಾರೆ ಎಂದು. ಅಷ್ಟಕ್ಕೇ ನಿಲ್ಲಿಸದೆ, ಕುರಿಗಳು ಎಷ್ಟು ತಿಂಗಳು ಎಲ್ಲೆಲ್ಲಿ ಇರುತ್ತವೆ, ಈಗ ಯಾವ ಹೊಲದಲ್ಲಿವೆ ಎಂದು ಹಿಂದಿಯಲ್ಲೇ ಹೇಳುತ್ತ ಹೋದಳು. ಅರ್ಧ ನನ್ನ ಪಾಠದ ಹಿಂದಿ, ಅರ್ಧ ದೇವದುರ್ಗದ ಸಂತೆಯಲ್ಲಿ ಕೇಳಿದ ದಖನಿ ಉರ್ದು. ಬಾಗಿಲಲ್ಲಿದ್ದ ಬೀರಪ್ಪನಿಗೆ ಒಂದೂ ಅರ್ಥವಾಗಿರಲಿಕ್ಕಿಲ್ಲ. ಆದರೂ ಕಣ್ಣು ಮಿಟುಕಿಸದೆ ಮಗಳನ್ನೇ ನೋಡುತ್ತಿದ್ದ.

ಸಾಹೇಬರು ನಕ್ಕರು. ಆಮೇಲೆ ನನಗೆ ಕೇಳಿದರು: "ಈ ಹುಡುಗಿಗಿ ಹಿಂದಿ ಬರ್ತದಲ್ರಿ! ಬರೋ ಹುಡುಗಿಗಿ ಬ್ಯಾಡ ಅಂತ ಯಾಕ ಕೇಳಾಕತ್ತೀರಿ?"

ಉತ್ತರ ಕೊಟ್ಟವಳು ಮಾಳಮ್ಮ.

"ನಾ ಬ್ಯಾಡ ಅನ್ನೋದಿಲ್ರಿ ಸಾರ್. ನಂಗ ಹಿಂದಿ ಅಂದ್ರ ಚಲೋ ಅನಸ್ತದ. ಬರಿಯಾಕ ಬರಂಗಿಲ್ಲ, ಅಷ್ಟ. ಯಾರರ ಬರಕೊಳ್ಳೋರಿದ್ರ ನಾ ಹೇಳ್ತೀನಿ."

ಜೂನ್‌ನಿಂದ ಜನವರಿಯವರೆಗೆ ನಾನು ಹೆಡ್‌ಮಾಸ್ಟರನ್ನು ಕೇಳಿದ್ದೆ, ಬಸಣ್ಣನವರನ್ನು ಕೇಳಿದ್ದೆ, ಡಾಕ್ಟರನ್ನು ಕೇಳಿದ್ದೆ. ನಿನಗೆ ಏನು ಬೇಕು ಎಂದು ಮಾಳಮ್ಮನನ್ನು ಮಾತ್ರ ಒಂದು ದಿನವೂ ಕೇಳಿರಲಿಲ್ಲ. ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದು ಅರ್ಜಿಯ ಅಂಚಿನಲ್ಲಿ ನಾಲ್ಕು ಸಾಲು ಬರೆದರು. "ಕುರುಡರಿಗೆ ಬರಿಯೋರನ್ನ ಕೊಡ್ತೀವಿ. ಇಕಿಗೂ ಕೊಡ್ರಿ ಅಂತ ಮ್ಯಾಲಿನವರಿಗೆ ಬರದು ನೋಡ್ತೀನಿ. ವಿನಾಯಿತಿ ಆಗಲಿಕ್ಕಿಲ್ಲ, ಇದು ಆಗಬಹುದು."

ಮಾರ್ಚ್ ತಿಂಗಳ ಎರಡನೇ ವಾರ ಆದೇಶ ಬಂತು. ಮೂರನೇ ಭಾಷೆಯಿಂದ ವಿನಾಯಿತಿ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಆದರೆ ಸದರಿ ವಿದ್ಯಾರ್ಥಿನಿಯು ಕೋರಿರುವ ಮೂರನೇ ಭಾಷೆಯ ಪತ್ರಿಕೆಗೆ ಕೆಳಗಿನ ತರಗತಿಯ ಒಬ್ಬಳನ್ನು ಬರೆಯಲು ಕೊಡಬಹುದು ಎಂದಿತ್ತು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಜೋರಾಗಿ ಓದಿ ಹೇಳಿದೆ. ಬಸಣ್ಣ ಮಾಸ್ತರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಗುರುಪಾದಯ್ಯನವರು ಕಾಗದ ಇಸಿದುಕೊಂಡು ಮತ್ತೊಮ್ಮೆ ನೋಡಿದರು.

"ಇದು ಹಿಂದಿಗಿ ಅಷ್ಟ ಅದಲ್ರಿ. ಇಂಗ್ಲಿಷಿಗಿ?"

ನನ್ನ ನಗು ಅಲ್ಲಿಗೇ ನಿಂತಿತು. ನಾನು ಹಿಂದಿ ಟೀಚರು. ಕಂಡದ್ದೂ ಹಿಂದಿ, ಕೇಳಿದ್ದೂ ಹಿಂದಿ. ಹಳೆಯ ಸುತ್ತೋಲೆಯಲ್ಲಿ ಮೂರನೇ ಭಾಷೆ ಎಂದಿತ್ತೆಂದು ಅದೊಂದನ್ನೇ ಹಿಡಿದುಕೊಂಡು ಹೋಗಿದ್ದೆ. ಸಾಹೇಬರ ಎದುರಿಗೆ ಕುಳಿತಾಗ ಎಲ್ಲ ಪತ್ರಿಕೆಗೂ ಎಂದು ಒಂದು ಮಾತು ಸೇರಿಸಿದ್ದರೆ ಆಗಿಬಿಡುತ್ತಿತ್ತೇನೋ. ಪರೀಕ್ಷೆಗೆ ಎರಡು ವಾರ ಉಳಿದಿತ್ತು. ಆ ದಿನವೇ ಇನ್ನೊಂದು ಅರ್ಜಿ ಕಳಿಸಿದೆವು. ಹೊತ್ತು ಮೀರಿತ್ತು.

ಪರೀಕ್ಷೆಯ ದಿನಗಳಲ್ಲಿ ರಾಯಚೂರು ಸೀಮೆಯ ಬಿಸಿಲು ಹೇಳುವುದೇ ಬೇಡ. ಕಿಟಕಿಗೆ ನೆನೆಸಿದ ಗೋಣಿತಾಟು ಕಟ್ಟಿ, ಬಾಗಿಲಿಗೆ ನೀರಿನ ಗಡಿಗೆ ಇಟ್ಟಿದ್ದರು. ಹಿಂದಿ ಪತ್ರಿಕೆಯ ದಿನ ನನಗೆ ಹಾಲ್ ಕಡೆ ಹೋಗಲು ಅನುಮತಿ ಇರಲಿಲ್ಲ. ಅಂಗಳದ ಈಚೆ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕುಳಿತಿದ್ದೆ. ಮಾಳಮ್ಮನಿಗೆ ಕೊಟ್ಟಿದ್ದ ಬೇರೆ ಕೋಣೆಯಿಂದ ಆಕೆಯ ದನಿ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ; ಎಲ್ಲಿಯೂ ತಡವರಿಸದೆ, ಒಂದೇ ಸಮನೆ, ಮೂರು ತಾಸು. ಬರೆದುಕೊಂಡವಳು ಒಂಬತ್ತನೇ ತರಗತಿಯ ರೇಣುಕಾ. ಹೊರಗೆ ಬಂದು ಬೆರಳು ಝಾಡಿಸುತ್ತ, "ಅಕಿ ನಿಲ್ಲಂಗೇ ಇಲ್ರಿ ಟೀಚರ್, ನನ್ನ ಕೈ ಬಿದ್ದುಹೋದ್ವು" ಎಂದಳು. ಹಿಂದೆ ಮಾಳಮ್ಮ ನಗುತ್ತಿದ್ದಳು. ಪರೀಕ್ಷೆ ಮುಗಿಸಿ ಆಕೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಇಂಗ್ಲಿಷ್ ಪತ್ರಿಕೆಯ ದಿನ ಆಕೆ ಯಾರ ಹತ್ತಿರವೂ ಮಾತಾಡದೆ ಊರಿನ ದಾರಿ ಹಿಡಿದಳು.

ಫಲಿತಾಂಶ ಬಂದಾಗ ಪಾಸಾದವರ ಸಾಲಿನಲ್ಲಿ ಆಕೆಯ ನಂಬರ್ ಇರಲಿಲ್ಲ. ಹಿಂದಿಯಲ್ಲಿ ಎಪ್ಪತ್ತೊಂದು ಬಂದಿತ್ತು, ಶಾಲೆಗೇ ಹೆಚ್ಚು. ಇಂಗ್ಲಿಷಿನಲ್ಲಿ ಇಪ್ಪತ್ತೆರಡು. ಕನ್ನಡದಲ್ಲೇ ಬರೆಯುವ ಉಳಿದವುಗಳಲ್ಲಿ ಹೇಗೋ ದಾಟಿದ್ದಳು. ಮರುದಿನವೇ ಹಳ್ಳಿಗೆ ಹೋದೆ. ಯಾಪಲದಿನ್ನಿಯಿಂದ ಇಬ್ಬರು ಹಿರಿಯರು ಬಂದು ಮಾತಾಡಿ ಹೋಗಿದ್ದಾರೆ ಎಂದು ಓಣಿಯಲ್ಲೇ ತಿಳಿಯಿತು. ಬೀರಪ್ಪ ಕಟ್ಟೆಯ ಮೇಲೆ ಕುಳಿತು ಉಣ್ಣೆ ಬಿಡಿಸುತ್ತಿದ್ದ.

"ತಪ್ಪು ನಂದು ಬೀರಪ್ಪ" ಎಂದೆ. "ಅಕಿದಲ್ಲ. ಇಂಗ್ಲಿಷಿಗೂ ಕೇಳಬೇಕಾಗಿತ್ತು, ನಾ ಕೇಳಲಿಲ್ಲ. ಅಕ್ಟೋಬರಿನ್ಯಾಗ ಮತ್ತ ಪರೀಕ್ಷಾ ಅದ. ಅಲ್ಲೀತನಕ ಆ ಮಾತು ತಡೀಬೇಕು ನೀವು."

ಬಾಗಿಲ ಮರೆಯಲ್ಲಿ ಮಾಳಮ್ಮ ನಿಂತಿದ್ದಳು. ಬೀರಪ್ಪ ಉಣ್ಣೆಯಿಂದ ಕಣ್ಣೆತ್ತದೆ ಕೇಳಿದ: "ಬರಿಯೋರನ್ನ ಕೊಟ್ರ ಇಂಗ್ಲಿಷೂ ಹೇಳ್ತಾಳೇನ್ರಿ?"

"ಹೇಳ್ತೀನಿ" ಎಂದಳು ಮಾಳಮ್ಮ ಒಳಗಿನಿಂದಲೇ.

"ಹಂಗಾದ್ರ ಅವರಿಗೆ ಹೇಳಿ ಕಳಿಸ್ತೀನಿ" ಎಂದ ಬೀರಪ್ಪ. "ಕುರಿ ಕಾಯಾಂವ ನಾನು. ಕಾಯೋದು ಗೊತ್ತದ."

ಆ ಮಳೆಗಾಲ ಶನಿವಾರ ಮಧ್ಯಾಹ್ನ ಆಕೆ ನನ್ನ ಬಾಡಿಗೆ ಕೋಣೆಗೆ ಬರುತ್ತಿದ್ದಳು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಪಾಠ ಓದುತ್ತಿದ್ದೆ, ಆಕೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಬಾಗಿಲ ಹೊರಗೆ ಜಿಟಿಜಿಟಿ ಮಳೆ, ಒಲೆಯ ಮೇಲೆ ಚಹಾ. ನಾನು ತಪ್ಪು ಓದಿದರೆ ಹಿಂದಿನ ವಾರ ಹೀಗೆ ಓದಿರಲಿಲ್ಲ ಎಂದು ಹಿಡಿಯುತ್ತಿದ್ದಳು. ಎರಡನೇ ಅರ್ಜಿಗೆ ಓಡಾಡಬೇಕಾಗಲಿಲ್ಲ. ಸಾಹೇಬರು ಹಳೆಯ ಫೈಲನ್ನೇ ತೆಗೆಸಿ ಆಗಸ್ಟಿನಲ್ಲಿಯೇ ಆದೇಶ ಕಳಿಸಿದರು. ಅಕ್ಟೋಬರಿನಲ್ಲಿ ಮತ್ತೆ ರೇಣುಕಾಳೇ ಬರೆದುಕೊಳ್ಳಬಹುದೇ ಎಂದರೆ ಆಕೆ ಅಷ್ಟರಲ್ಲಿ ಹತ್ತನೇ ತರಗತಿ ಸೇರಿದ್ದಳು, ಬೇರೊಬ್ಬಳನ್ನು ಕೊಟ್ಟೆವು. ಇಂಗ್ಲಿಷಿನಲ್ಲಿ ನಲವತ್ತೆಂಟು ಬಂತು.

ಎರಡು ವರ್ಷದ ಮೇಲೆ ಆ ಹಳ್ಳಿಯಲ್ಲಿ ಅಂಗನವಾಡಿ ತೆರೆಯಿತು, ಮಾಳಮ್ಮ ಅದರ ಟೀಚರಾದಳು. ಅಷ್ಟರಲ್ಲಿ ನನಗೆ ಮಾನ್ವಿಗೆ ವರ್ಗವಾಗಿತ್ತು. ರಜಿಸ್ಟರು ತುಂಬುವುದು ಆಕೆಗೆ ಕೊನೆಯತನಕ ಕಷ್ಟವೇ ಆಗಿತ್ತಂತೆ. ಸಹಾಯಕಿ ಬರೆಯುತ್ತಿದ್ದಳು, ಈಕೆ ನಿಂತು ಹೇಳುತ್ತಿದ್ದಳು. ಮಕ್ಕಳಿಗೆ ಹಾಡು, ಕತೆ, ಲೆಕ್ಕ ಎಲ್ಲ ಬಾಯಲ್ಲೇ. ಮದುವೆಯಾದದ್ದು ತಡವಾಗಿ, ಊರಲ್ಲೇ ಉಳಿಯಲು ಒಪ್ಪಿದವನನ್ನು.

ಆದರೆ ತಂಗಿ ಕೊಟ್ಟ ಪೆನ್ನು ಹಿಡಿದು ಬೆಂಚಿನ ಮೇಲೆ ಕುಳಿತಾಗ ನನ್ನ ಕಣ್ಣಿಗೆ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ ದೇವದುರ್ಗದ ಶಾಲೆಯ ಒಂದು ಬೆಳಿಗ್ಗೆ. ಅಂಕಪಟ್ಟಿ ತೆಗೆದುಕೊಳ್ಳಲು ಮಾಳಮ್ಮ ಬಂದಿದ್ದಳು. ಆಫೀಸಿನಲ್ಲಿ ಆಕೆಯ ಹಿಂದೆ ಐದಾರು ಮಂದಿ ಸಾಲಿನಲ್ಲಿದ್ದರು. ಗುಮಾಸ್ತರು ವಹಿಯನ್ನು ಆಕೆಯ ಕಡೆಗೆ ತಿರುಗಿಸಿ, ಹೆಬ್ಬೆಟ್ಟಾದರೂ ನಡೆಯುತ್ತದೆ ಎಂಬಂತೆ ಮಸಿಯ ಡಬ್ಬಿಯನ್ನೂ ಪಕ್ಕಕ್ಕೆ ಸರಿಸಿದರು. ಮಾಳಮ್ಮ ಡಬ್ಬಿಯನ್ನು ಮುಟ್ಟಲಿಲ್ಲ. ಪೆನ್ನು ತೆಗೆದುಕೊಂಡಳು. ತುಟಿ ಅಲುಗಿಸುತ್ತ ತನ್ನ ಹೆಸರನ್ನು ತಾನೇ ಕೇಳಿಸಿಕೊಂಡಳು. 'ಮಾ' ಬರೆದಳು. ನಿಲ್ಲಿಸಿದಳು. 'ಳ'ದ ಸುತ್ತು ಯಾವ ಕಡೆಗೆ ಎಂದು ಗಾಳಿಯಲ್ಲಿ ಎರಡು ಸಲ ತಿರುಗಿಸಿ ನೋಡಿ, ಆಮೇಲೆ ಹಾಳೆಯ ಮೇಲೆ ಇಳಿಸಿದಳು. ಕಿಟಕಿಯಿಂದ ಬಂದ ಗಾಳಿಗೆ ಹಾಳೆ ಮೇಲೇಳುತ್ತಿತ್ತು. ಗುರುಪಾದಯ್ಯನವರು ತಮ್ಮ ಕುರ್ಚಿಯಿಂದ ಎದ್ದು ಬಂದು, ಹಾಳೆಯ ಅಂಚನ್ನು ಎರಡು ಬೆರಳಿನಿಂದ ಒತ್ತಿ ಹಿಡಿದರು. ಸಾಲಿನಲ್ಲಿ ನಿಂತ ಯಾರೂ ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಆಕೆ 'ಮ್ಮ'ದ ಒತ್ತನ್ನು ಕೆಳಗೆ ಎಳೆದು ಪೆನ್ನು ಇಟ್ಟಳು.